ಹಳೇ ರೈಫಲಿಗೆ ಮೊದಲ ತೋಟಾ ಹಾಕೋ ಮುಂಚೆ

ಕಲಬುರಗಿ

ಚಿ. ಬಸವರಾಜನಿಗೆ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀ ಕಳಿಸಿದ ಫೋಟೋ ನೋಡಿದೆ. ಟೆಕ್ಸಾಸ್‌ನಾಗ ಕಾಯ್ದೆ ಒಪ್ತದ, ನೀ ತಗೊಂಡಿ, ಆ ಮಾತು ಈಗ ಬ್ಯಾಡ. ಅದು ಲೀ-ಎನ್‌ಫೀಲ್ಡ್ ನಂಬರ್ 4 ಮಾರ್ಕ್ 1 ಸ್ಟಾರ್. ಎಡಮಗ್ಗಲಿಗೆ ‘ಯು.ಎಸ್. ಪ್ರಾಪರ್ಟಿ’ ಅಂತ ಠಸೆ ಅದ, ಅಂದ್ರ ಎರಡನೇ ಮಹಾಯುದ್ಧದಾಗ ಬ್ರಿಟಿಷರಿಗೆ ಅಂತ ಅಮೆರಿಕದ ಸ್ಯಾವೇಜ್ ಕಂಪನಿ ಮಾಡಿದ್ದು. ನಮ್ಮ ಪೊಲೀಸರು ಭಾಳ ವರ್ಷ ಹಿಡಿದ .303ರ ಅಣ್ಣ-ತಮ್ಮನೇ. ಮಾರಿದವ ‘ಮೊನ್ನೆ ತನಕ ಹೊಡೀತಿತ್ತು’ ಅಂದಾನಂತ ಬರದಿದ್ದಿ. ಆ ಮಾತಿಗೆ ಕಿಮ್ಮತ್ತು ಇಲ್ಲ. 80 ವರ್ಷದಾಗ ಯಾರು ಬಿಚ್ಚಿದ್ರು, ಯಾವ ಬೋಲ್ಟ್ (ಹಿಂದ-ಮುಂದ ಎಳೆದು ತೋಟಾದ ಹಿಂದ ಮುಚ್ಚೋ ಕಬ್ಬಿಣದ ದಿಂಡು) ಎಲ್ಲಿಂದ ತಂದು ಹಾಕಿದ್ರು, ಅವಗೇನು ಗೊತ್ತು? ರೈಫಲನ್ನೇ ಕೇಳಬೇಕು.

ಮೊದಲು ಮ್ಯಾಗಝಿನ್ ಬಿಚ್ಚಿ, ಬೋಲ್ಟ್ ಹಿಂದ ಎಳೆದು, ತೋಟಾ ಕೂಡೋ ಚೇಂಬರ್‌ನಾಗ ಕಿರುಬೆರಳು ಹಾಕಿ ನೋಡು. ಕಣ್ಣಿಗೆ ಖಾಲಿ ಕಂಡ್ರೂ ಬೆರಳು ಹಾಕು. ಎನ್‌ಸಿಸಿದಾಗ ಕಲಿತದ್ದೇ ಇದು, ಹೆಚ್ಚು ಹೇಳೂದಿಲ್ಲ.

ಆಮ್ಯಾಲ ಠಸೆ ಓದು. ಹಿಂದಿನ ಕಟ್ಟಿಗೆ ಬಂದು ಕೂಡೋ ಕಬ್ಬಿಣದ ಎಡಮಗ್ಗಲಿಗೆ ಸೀರಿಯಲ್ ನಂಬರ್ ಇರ್ತದ, ಬೋಲ್ಟಿನ ಹ್ಯಾಂಡಲ್ ಹಿಂಬದಿಗೆ ಇನ್ನೊಂದು. ಎರಡೂ ಒಂದೇ ಇರಬೇಕು. ಈ ರೈಫಲ್‌ನಾಗ ಬೋಲ್ಟ್ ಲಾಕ್ ಆಗೋದು ಹಿಂದಿನ ಕಡೆ: ಬಲಕ್ಕ ಉದ್ದನ ಏಣು, ಎಡಕ್ಕ ಸಣ್ಣ ಲಗ್, ಅಂದ್ರ ಹಿಡಿಯೋ ಹಲ್ಲು. ಎರಡೂ ಸಮ ಒತ್ತೋಹಂಗ ಕಾರ್ಖಾನಿದಾಗ ಆಯಾ ರೈಫಲಿಗೆ ಆಯಾ ಬೋಲ್ಟ್ ಕೂಡಿಸಿರ್ತಾರ. ಯಾವುದೋ ಬೋಲ್ಟ್ ತಂದು ಹಾಕಿದ್ರ ಎಲ್ಲಾ ಭಾರ ಒಂದೇ ಲಗ್ ಮ್ಯಾಲ ಬೀಳ್ತದ. ನಂಬರ್ ಬ್ಯಾರೆ ಇದ್ರ ಅಲ್ಲಿಯ ಗನ್‌ಸ್ಮಿತ್‌ಗೆ ತೋರಿಸೋ ತನಕ ಮುಟ್ಟಬ್ಯಾಡ. ‘ಡಿ.ಪಿ.’ ಅಂತ ಠಸೆ ಕಂಡ್ರಂತೂ ಮುಗೀತು. ಕಾಲೇಜಿನಾಗ ಪರೇಡಿಗೆ ಹೆಗಲ ಮ್ಯಾಲ ಹೊತ್ತಿದ್ದಿಯಲ್ಲಾ, ಅಂಥಾದ್ದು: ಕವಾಯತಿಗೆ ಮಾತ್ರ, ಗುಂಡು ಹಾರಿಸೂದಕ್ಕಲ್ಲ.

ನಿನ್ನ ಮಾರ್ಕ್ 1 ಸ್ಟಾರಿಗೇ ಅಂತ ಒಂದು ಖೋಡಿ ಅದ. ಬೋಲ್ಟ್ ಹೆಡ್ (ಬೋಲ್ಟಿನ ಮುಂದಿನ ಬಿಚ್ಚೋ ತುಂಡು) ಓಡಾಡೋ ರೈಲಿನ ಮುಂದಿನ ತುದಿ ಹತ್ರ ಒಂದು ಕೊರೆತ ಇರ್ತದ, ಬೋಲ್ಟ್ ತೆಗೀಲಾಕ. ವರ್ಷಾನುಗಟ್ಟಲೆ ಬಡಿದು ಬಡಿದು ಆ ಕೊರೆತದ ಮೂಲೆ ಚಕ್ಕೆ ಏಳ್ತದ. ಬ್ಯಾಟರಿ ಹಿಡಿದು ನೋಡು, ಉಗುರು ಆಡಿಸು. ಚಕ್ಕೆ ಎದ್ದಿದ್ರ ಬೋಲ್ಟ್ ಎಳೆದಾಗ ಹೆಡ್ ರೈಲು ಬಿಟ್ಟು ಮ್ಯಾಲ ಜಿಗೀತದ. ಬೆಸುಗೆ ಹಾಕಿ ಕೊಡ್ತೀನಿ ಅಂದವನ ಮಾತು ಕೇಳಬ್ಯಾಡ, ಗ್ವಾಡಿಗೆ ನೇತು ಹಾಕು.

ಇನ್ನ ಹೆಡ್‌ಸ್ಪೇಸ್. ಇದು ಎಲ್ಲಕ್ಕಿಂತ ದೊಡ್ಡದು. .303 ತೋಟಾ ಚೇಂಬರ್‌ನಾಗ ನಿಲ್ಲೋದು ಬುಡದ ರಿಮ್ಮಿನ ಮ್ಯಾಲ. ಆ ರಿಮ್ಮಿಗೆ ಅಂತ ಬ್ಯಾರಲ್‌ಗೂ ಬೋಲ್ಟ್ ಹೆಡ್ಡಿಗೂ ನಡಕ ಬಿಟ್ಟ ಜಾಗ ಅಳೀಬೇಕು. 0.064 ಇಂಚಿನ ಗೇಜ್ (ತೋಟಾ ಬದ್ಲು ಹಾಕಿ ನೋಡೋ ಅಳತೆ ತುಂಡು) ಮ್ಯಾಲ ಬೋಲ್ಟ್ ಪೂರ್ತಿ ಮುಚ್ಚಬೇಕು, 0.074ರ ಮ್ಯಾಲ ಮುಚ್ಚಬಾರ್ದು. ಬೆರಳ ತುದಿಯಷ್ಟೇ ಜೋರು. ಅಂಗೈಲೆ ಒತ್ತಿದ್ರ ಯಾವ ಗೇಜ್ ಮ್ಯಾಲೂ ಮುಚ್ಚೀತು. ಜಾಗ ಹೆಚ್ಚಿದ್ರ ಹೊಡೆದಾಗ ಹಿತ್ತಾಳಿ ಕೇಸ್ ಹಿಂದ ಜಗ್ಗಿ, ಬುಡದ ಸ್ವಲ್ಪ ಮ್ಯಾಲ ಹರೀತದ. ಆ ಗ್ಯಾಸ್ ಹಿಂದ ನಿನ್ನ ಕಣ್ಣಿನ ಕಡೆಗೇ ಬರ್ತದ. ನಂಬರ್ 4ಕ್ಕ ಬೋಲ್ಟ್ ಹೆಡ್ 0ಯಿಂದ 3ರ ತನಕ ನಾಕು ಅಳತೆದಾಗ ಅವ, ನಂಬರ್ ಹೆಡ್ ಮ್ಯಾಲೇ ಇರ್ತದ. ಒಂದು ನಂಬರ್ ದೊಡ್ಡದು ತಿರುಗಿಸಿ ಹಾಕಿದ್ರ ಕೆಲವೊಮ್ಮೆ ಸರಿ ಹೋಗ್ತದ. 3 ಇದ್ದೂ ದೊಡ್ಡ ಗೇಜ್ ಮ್ಯಾಲ ಮುಚ್ಚಿದ್ರ ಅದು ನಿನ್ನ ಕೈಲಿ ಆಗೋ ಕೆಲಸ ಅಲ್ಲ.

ಸ್ಟ್ರೈಕರ್, ಅಂದ್ರ ತೋಟಾದ ಬುಡದಾಗಿನ ಸಿಡಿಯೋ ಕ್ಯಾಪಿಗೆ ಹೊಡಿಯೋ ಮೊಳೆ, ಅದರ ತುದಿ ಬೋಲ್ಟ್ ಮುಖದಿಂದ 0.040ರಿಂದ 0.050 ಇಂಚು ಹೊರಗ ಬರಬೇಕು, ತುದಿ ದುಂಡಗ ಇರಬೇಕು. ಕಮ್ಮಿ ಆದ್ರ ಕ್ಯಾಪ್ ಸಿಡಿಯೂದಿಲ್ಲ, ಹೆಚ್ಚಾದ್ರ ಕ್ಯಾಪ್ ತೂತು ಬೀಳ್ತದ. ಸ್ಟ್ರೈಕರ್ ಓಡಾಡೋ ತೂತಿನಾಗ ಗೋದಾಮಿನ ಹಳೇ ಗ್ರೀಸ್ ಗಟ್ಟಿಯಾಗಿ ಕೂತಿರ್ತದ. ಸ್ಟ್ರೈಕರ್ ಮುಂದೇ ಸಿಕ್ಕೊಂಡ್ರ ಬೋಲ್ಟ್ ಮುಚ್ಚೂದ್ರಾಗೇ ಸಿಡಿಬಹುದು. ಬಿಚ್ಚಿ ಸೀಮೆಎಣ್ಣೀಲೆ ತೊಳಿ, ಒಣಗಿಸು. ಚೇಂಬರ್ ಸಹಿತ ಒಣಾ ಇರಬೇಕು: ಎಣ್ಣಿ ಇದ್ರ ಕೇಸ್ ಚೇಂಬರಿನ ಗ್ವಾಡಿ ಹಿಡಿಯೂದಿಲ್ಲ, ಒದೆ ಎಲ್ಲಾ ಬೋಲ್ಟಿಗೆ ಬೀಳ್ತದ.

ಬ್ಯಾರಲ್‌ಗೆ ಪುಲ್‌ಥ್ರೂದಾಗ (ಒಳಗ ಒರೆಸೋ ಹಗ್ಗ) ನಾಕಕ್ಕ ಎರಡು ಇಂಚಿನ ಫ್ಲಾನಲ್ ಹಾಕಿ ಎಳಿ, ದಪ್ಪ ಮಾಡಿ ಎಳೆದು ಹಗ್ಗ ಒಳಗ ಹರಕೋಬ್ಯಾಡ. ಬೆಳಕಿಗೆ ಹಿಡಿದು ನೋಡಿದಾಗ ಒಳಗ ಕರೀ ಉಂಗುರ ಕಂಡ್ರ ಅಲ್ಲಿ ಉಬ್ಬೇದ, ಹೊರಗಿನಿಂದ ಬೆರಳಿಗೂ ಸಿಗಬಹುದು. ಅಂಥಾ ಬ್ಯಾರಲ್ ಬ್ಯಾಡ. ಒಳಗ ಎರಡೇ ಗ್ರೂವ್ (ಸುತ್ತಿಕೊಂಡು ಹೋಗೋ ಗೀರು) ಕಂಡ್ರ ಗಾಬರಿ ಆಗಬ್ಯಾಡ, ಯುದ್ಧಕಾಲದಾಗ ಹಂಗೇ ಮಾಡ್ತಿದ್ರು.

ಖಾಲಿ ರೈಫಲ್ ಕಾಕ್ ಮಾಡಿ (ಸ್ಟ್ರೈಕರ್ ಹಿಂದ ಎಳೆದು ನಿಲ್ಲಿಸಿ) ಹಿಂಬದಿ ನೆಲಕ್ಕ ಕುಟ್ಟು, ಸ್ಟ್ರೈಕರ್ ಬೀಳಬಾರ್ದು. ಸೇಫ್ಟಿ ಹಾಕಿ ಟ್ರಿಗರ್ ಒತ್ತಿ ಬಿಡು, ಆಮ್ಯಾಲ ಸೇಫ್ಟಿ ತೆಗಿ, ಆಗಲೂ ಬೀಳಬಾರ್ದು. ಟ್ರಿಗರ್ ಎರಡು ಹಂತಕ್ಕ ಬರ್ತದ: ಮೊದಲಿಂದು 3–4 ಪೌಂಡ್, ಎರಡನೇದು 5ರಿಂದ 6.5. ಯಾರೋ ಅರ ಹಾಕಿ ಹಗರ ಮಾಡಿದ್ರ ಇಲ್ಲೇ ಗೊತ್ತಾಗ್ತದ.

ಮೊದಲಿಗೆ ಅಂಗಡಿಯ ಹೊಸಾ .303 ತೋಟಾನೇ ತಗೋ. ಹಳೇ ಮಿಲಿಟರಿ ಮಾಲು, ಬುಡದಾಗ ‘ಕೆ.ಎಫ್.’ ಅಂತ ಇರೋ ನಮ್ಮ ಖಡ್ಕಿ ಕಾರ್ಖಾನಿದು ಸಹಿತ, ಸೋವಿ ಸಿಗ್ತದಂತ ಹೋಗಬ್ಯಾಡ. ಅಂಥಾ ಕ್ಯಾಪಿನ ಮಸಿದಾಗ ಉಪ್ಪು ಇರ್ತದ, ಗಾಳಿ ಪಸೆ ಎಳಕೊಂಡು ಒಂದೆರಡು ದಿನದಾಗ ಬ್ಯಾರಲ್ ತುಕ್ಕು ಹಿಡೀತದ. ಎಣ್ಣಿಗೆ ಆ ಉಪ್ಪು ಕರಗೂದಿಲ್ಲ. ಹೊಡೆದಿದ್ದೇ ಆದ್ರ ಅವತ್ತೇ ಕುದಿಯೋ ನೀರು ಸುರಿದು, ಒಣಗಿಸಿ, ಆಮ್ಯಾಲ ಎಣ್ಣಿ.

ರೇಂಜಿನಾಗ ಮೊದಲ ಗುಂಡು ಹೆಗಲಿಗೆ ಹಚ್ಚಿ ಹೊಡೀಬ್ಯಾಡ. ಹಳೇ ಟೈರಿಗೆ ಬಿಗಿ ಕಟ್ಟಿ, ಒಂದೇ ತೋಟಾ ಹಾಕಿ, ಗಟ್ಟಿ ಅಡ್ಡ ಇದ್ದ ಕಡೆ ನಿಂತು ಹಗ್ಗಲೆ ಟ್ರಿಗರ್ ಎಳಿ. ರೇಂಜಿನವರನ್ನ ಮೊದಲೇ ಕೇಳು. ಖಾಲಿ ಕೇಸ್ ಕೈಯಾಗ ತಗೊಂಡು ಸಾವಕಾಶ ನೋಡು. ಬುಡದ ಮ್ಯಾಲ ಸುತ್ತ ಹೊಳಪಿನ ಗೆರಿ ಕಂಡ್ರ ತಂತಿ ತುದಿ ಬಾಗಿಸಿ ಒಳಗ ಗೀರು; ತಗ್ಗು ಹತ್ತಿದ್ರ ಅಲ್ಲೇ ಹರೀಲಿಕ್ಕ ತಯಾರಾಗೇದ. ಕ್ಯಾಪ್ ತೂತು ಬಿದ್ರ, ಹೊರಗ ಬಂದಿದ್ರ ನಿಲ್ಲಿಸು. ಕೇಸಿನ ಭುಜ ಮುಂದ ಉಬ್ಬಿದ್ದು ಮಾತ್ರ ಕೇಡಲ್ಲ, ಮಿಲಿಟರಿ ಚೇಂಬರ್ ಸಡಿಲ ಇರ್ತದ. ಮೂರು-ನಾಕು ಹಿಂಗೇ ಆಗಲಿ.

ಟ್ರಿಗರ್ ಒತ್ತಿಯೂ ಸಿಡೀಲಿಲ್ಲ ಅಂದ್ರ ಒಂದು ನಿಮಿಷ ನಳಿಗೆ ಗುರಿ ಕಡೆಗೇ ಇರಲಿ, ತಡವಾಗಿ ಸಿಡಿಯೋದುಂಟು. ಸಪ್ಪಗ ‘ಫುಸ್’ ಅಂದ್ರ ಗುಂಡು ಬ್ಯಾರಲ್‌ನಾಗೇ ಕೂತಿರಬಹುದು. ಬೋಲ್ಟ್ ತೆಗೆದು ಬೆಳಕು ಕಾಣೋ ತನಕ ಮುಂದಿಂದು ಹಾಕಬ್ಯಾಡ. ಕಣ್ಣಿಗೆ ಚಸ್ಮಾ, ಕಿವಿಗೆ ಮಫ್, ಪಕ್ಕಕ್ಕ ನಿಂತವರಿಗೂ.

ಶರಣಬಸವೇಶ್ವರ ಜಾತ್ರಿಗೆ ಬರ್ತೀನಿ ಅಂದಿದ್ದಿ. ರೇಂಜಿಗೆ ಒಯ್ಯೋ ಬ್ಯಾಗು, ಜಾಕೀಟು ಊರಿಗೆ ತರಬ್ಯಾಡ. ತರೋದೇ ಆದ್ರ ಕಿಸೆ, ಅಸ್ತರಿನ ಒಳಗ ಎಲ್ಲಾ ಝಾಡಿಸಿ ನೋಡು. ಒಂದೇ ಒಂದು ತೋಟಾ ಹೈದ್ರಾಬಾದ್ ಏರ್‌ಪೋರ್ಟಿನಾಗ ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆದಾಗ ಕೇಸ್ ಆಗ್ತದ, ‘ಮರ್ತಿದ್ದೆ’ ಅಂದ್ರ ಬಿಡೂದಿಲ್ಲ. ಗೇಜ್ ಹಾಕಿ ನೋಡಿದ ಮ್ಯಾಲ ಬೋಲ್ಟ್ ಹೆಡ್ ನಂಬರ್ ಎಷ್ಟಂತ ಬರಿ.

ನಿನ್ನ ಕಾಕಾ