ಎಮ್ಮೆ ಎಲ್ಲಿ ಕಟ್ಟೋಣ, ಅದನ್ನೂ ಹೇಳಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಕಡೆ ಪ್ರವಾಹದ ಸಿದ್ಧತಾ ಸಭೆಗಳು ಶುರುವಾಗುತ್ತವೆ. ಬೋಟ್ ಎಷ್ಟಿವೆ, ಯಾವ ಶಾಲೆಯಲ್ಲಿ ಕಾಳಜಿ ಕೇಂದ್ರ, ಅಕ್ಕಿ ಬೇಳೆ ಎಲ್ಲಿಂದ, ಎಲ್ಲ ಲೆಕ್ಕ ಆಗುತ್ತದೆ. ದನಕರುಗಳನ್ನು ಎಲ್ಲಿ ಕಟ್ಟಬೇಕು ಅನ್ನೋ ಮಾತು ಮಾತ್ರ ಹೊಳೆ ಊರೊಳಗೆ ಬಂದ ಮೇಲೇ ಏಳುವುದು.

ನಮ್ಮದು ಮುಧೋಳ ತಾಲ್ಲೂಕಿನ ಘಟಪ್ರಭಾ ದಂಡೆಯ ಊರು. 2019ರ ಆಗಸ್ಟ್‌ನಲ್ಲಿ ಡಂಗುರ ಸಾರಿದರು, ಜನರನ್ನು ಒಯ್ಯಲು ಟ್ರ್ಯಾಕ್ಟರ್ ಬಂತು. ನಮ್ಮ ಅವ್ವ ಹತ್ತಲಿಲ್ಲ. "ಎಮ್ಮಿ ಬಿಟ್ಟು ನಾ ಎಲ್ಲಿ ಬರ್ಲೋ ತಮ್ಮಾ" ಅಂತ ದನದ ಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು. ಶಾಲೆಯಲ್ಲಿ ದನ ಕಟ್ಟಲು ಬಿಡೋದಿಲ್ಲ ಅಂತ ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಹಾಗಾಗಿ ನಾವೂ ಉಳಿದೆವು.

ಅರ್ಧ ರಾತ್ರಿಗೆ ನೀರು ಸೊಂಟಕ್ಕೆ ಬಂತು. ಕರೆಂಟ್ ಇಲ್ಲ. ಹೆದರಿದ ಎಮ್ಮೆಗಳು ಹಿಂದಕ್ಕೆ ಜಗ್ಗಿ ಜಗ್ಗಿ, ನೆನೆದ ಹಗ್ಗದ ಗಂಟು ಕಲ್ಲಾಗಿತ್ತು. ಉಗುರು ಕಿತ್ತು ಬಂದರೂ ಬಿಚ್ಚಲಿಲ್ಲ. ಕುಡುಗೋಲು ಹುಡುಕಿ ತಂದು ಎರಡು ಎಮ್ಮೆಗಳ ಹಗ್ಗ ಕೊಯ್ದೆ. ಮೂಲೆಯಲ್ಲಿದ್ದ, ಇನ್ನೂ ಕರು ಹಾಕದ ಮಣಕದ ಹತ್ತಿರ ಹೋಗುವಷ್ಟರಲ್ಲಿ ಅದರ ಸದ್ದು ನಿಂತಿತ್ತು. ಹೊಳೆಯಲ್ಲಿ ಈಜುತ್ತ ಬೆಳೆದ ಪ್ರಾಣಿ, ನಾನೇ ಕಟ್ಟಿದ ಹಗ್ಗಕ್ಕೆ ಸತ್ತಿತು. ಬೆಳಗಾಗುವಷ್ಟರಲ್ಲಿ ಕೊಟ್ಟಿಗೆಯ ಗೋಡೆ ಬಿದ್ದು ಅದರ ಹೆಣವೂ ನೀರಲ್ಲಿ ಹರಿದುಹೋಯಿತು.

ಹೆಣ ಸಿಗದಿದ್ದರೆ ಪಂಚನಾಮೆ ಹೇಗೆ ಮಾಡಿಸ್ತೀರಿ? ಪರಿಹಾರಕ್ಕೆ ನಾನು ತಿರುಗಿದ್ದು ಬೇರೆಯೇ ಕಥೆ, ಬಿಡಿ. ಕೇಂದ್ರ ಸರ್ಕಾರ 2022ರಲ್ಲಿ ನಿಗದಿ ಮಾಡಿದ ದರದಲ್ಲಿ ಹಾಲು ಕೊಡುವ ಎಮ್ಮೆಗೆ, ಆಕಳಿಗೆ 37,500 ರೂಪಾಯಿ, ಎತ್ತಿಗೆ 32,000, ಕುರಿ ಮೇಕೆಗೆ 4,000. ಸಂತೆಯಲ್ಲಿ ಒಳ್ಳೆ ಮುರ್ರಾ ಎಮ್ಮೆ ಲಕ್ಷದ ಹತ್ತಿರ ಹೋಗುತ್ತದೆ. ಆ ದುಡ್ಡು ಸಿಗಬೇಕಾದರೂ ದನ ನಮ್ಮದೇ ಅಂತ ತೋರಿಸಬೇಕು. ಅದಕ್ಕೇ ಹೇಳೋದು, ದನದ ಕಿವಿಯಲ್ಲಿರುವ 12 ಅಂಕಿಯ ಹಳದಿ ಗುರುತಿನ ಓಲೆ ಕಾಣುವ ಹಾಗೆ ಒಂದು ಫೋಟೊ ಮೊಬೈಲಿನಲ್ಲಿ ಇರಲಿ. ಓಲೆ ಹಾಕಿಸದವರು ಈಗಲೇ ಹಾಕಿಸಿಕೊಳ್ಳಿ.

ನಮ್ಮಲ್ಲಿ ಹೊಳೆ ಕಳ್ಳನ ಹಾಗೆ ಬರುವುದಿಲ್ಲ. ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳು ಸೇರಿ, ಗೋಕಾಕ ದಾಟಿ ಇಲ್ಲಿಗೆ ಮುಟ್ಟಲು ಗಂಟೆಗಟ್ಟಲೆ ಬೇಕು. ಎಷ್ಟು ಕ್ಯುಸೆಕ್ ಬಿಟ್ಟರು ಅಂತ ಈಗ ಮೊಬೈಲಿಗೇ ಬರುತ್ತದೆ. ಅಷ್ಟು ಹೊತ್ತಿನಲ್ಲಿ ದನಗಳನ್ನು ನಡೆಸಿಕೊಂಡೇ ಹೋಗಬಹುದು, ಎಲ್ಲಿಗೆ ಅಂತ ಗೊತ್ತಿದ್ದರೆ. ಎತ್ತರದಲ್ಲಿರುವ ಎಪಿಎಂಸಿ ಪ್ರಾಂಗಣ, ದನದ ಸಂತೆಯ ಬಯಲು ಮಳೆಗಾಲದಲ್ಲಿ ಸುಮ್ನೆ ಖಾಲಿ ಇರುತ್ತವೆ ಅಲ್ವಾ? ಮೇ ತಿಂಗಳಲ್ಲೇ ಊರಿಗೊಂದು ಜಾಗ ಗೊತ್ತು ಮಾಡಲಿ. ಗೂಟ, ಕಣಕಿ ಮೇವು, ನೀರಿನ ಟ್ಯಾಂಕರ್ ಅಲ್ಲಿರಲಿ. ಸುತ್ತಲೂ ನೀರಿದ್ದರೂ ದನಕ್ಕೆ ಕುಡಿಯಲು ಯೋಗ್ಯವಾದದ್ದು ಇರುವುದಿಲ್ಲ. ಒಂದು ಎಮ್ಮೆಗೇ ದಿನಕ್ಕೆ 40 ಲೀಟರಿಗಿಂತ ಜಾಸ್ತಿ ಬೇಕು.

ಹಾಲಿನ ವಿಷಯ ಯಾರಿಗೂ ನೆನಪಾಗುವುದೇ ಇಲ್ಲ. ಹೊಳೆ ಬಂತು ಅಂತ ಕೆಚ್ಚಲು ಕಾಯುವುದಿಲ್ಲ. ಹೊತ್ತಿಗೆ ಸರಿಯಾಗಿ ಕರೆಯದಿದ್ದರೆ ಕೆಚ್ಚಲು ಬಾವು ಬರಬಹುದು. ಡೇರಿಯ ಗಾಡಿ ಆ ಜಾಗಕ್ಕೇ ಬರುವಂತಾದರೆ ಹಾಲೂ ಉಳಿಯುತ್ತದೆ, ನಾಲ್ಕು ಕಾಸೂ ಸಿಗುತ್ತದೆ. ಗಳಲೆ ರೋಗ, ಚಪ್ಪೆ ಬೇನೆಯ ಲಸಿಕೆ ಮಳೆಗೆ ಮೊದಲೇ ಆಗಬೇಕು. ದನಗಳೆಲ್ಲ ಒಂದೇ ಕಡೆ ಸೇರಿದ ಮೇಲೆ ಸೂಜಿ ಹಿಡಿದು ಓಡಾಡಿದರೆ ಹೊತ್ತು ಮೀರಿರುತ್ತದೆ. ಪಶು ಆಂಬುಲೆನ್ಸ್‌ನ 1962 ನಂಬರ್ ಕೊಟ್ಟಿಗೆಯ ಗೋಡೆ ಮೇಲೆ ಬರೆದಿಡಿ.

ನಾಯಿಯನ್ನು ಸರಪಳಿ ಸಮೇತ ಬಿಟ್ಟು ಹೋದವರನ್ನೂ ಆಗ ನೋಡಿದೆ. ಪಕ್ಕದ ಓಣಿಯ ಮಾಳಿಗೆ ಮೇಲೆ ಒಂದು ನಾಯಿ ಎರಡು ದಿನ ಬೊಗಳಿತು. ಕೊನೆಗೆ ಬೋಟಿನ ಹುಡುಗರು ತಂದರು. ಕರೆದೊಯ್ಯಲು ಆಗದಿದ್ದರೆ ಕೊರಳ ಸರಪಳಿಯನ್ನಾದರೂ ಬಿಚ್ಚಿ ಹೋಗಿ.

ನಾನೀಗ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕುತ್ತೇನೆ. ದನಕ್ಕೆ ಮೇವು ಹಾಕುವ ಗ್ವಾದಲಿಯ ಮೇಲಿನ ಗೂಡಿನಲ್ಲಿ ಒಂದು ಕುಡುಗೋಲು ಸದಾ ಇರುತ್ತದೆ. ಹುಲ್ಲು ಕೊಯ್ಯಲು ಯಾರಾದರೂ ಅದನ್ನು ಒಯ್ದರೆ ಮನೆಯಲ್ಲಿ ಜಗಳವೇ. ನನ್ನಿಂದ ಆಗುವುದು ಇಷ್ಟು. ಜಾಗ ಯಾವುದು ಅಂತ ಈ ಸಲದ ಸಭೆಯಲ್ಲಿ ಅಧಿಕಾರಿಗಳು ಹೇಳಲಿ, ಅವ್ವನನ್ನು ಹೊರಡಿಸುವ ಕೆಲಸ ನನ್ನದು.

– ಹೊಳೆದಂಡೆಯ ಒಬ್ಬ ರೈತ, ಮುಧೋಳ ತಾಲ್ಲೂಕು