ಸಿಂಗಪುರಕ್ಕೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ತಿಂಗಳಿಗೆ 9,000 ಸಿಂಗಪುರ ಡಾಲರ್ ಸಂಬಳ, ಹೆಂಡತಿ ಮಗಳನ್ನೂ ಜೊತೆಗೆ ಕರೆದುಕೊಂಡು ಬರುತ್ತೇನೆ ಅಂತ ಬರೆದಿದ್ದೀಯ. ಓದಿ ತುಂಬಾ ಖುಷಿಯಾಯಿತು. ಆ ಅಂಕಿಯನ್ನು ರೂಪಾಯಿಗೆ ಗುಣಿಸಿ ಮನೆಯಲ್ಲೆಲ್ಲ ಹೇಳಿರುತ್ತೀಯ. ಆದರೆ ಇಲ್ಲಿ ಕೈಯಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದು ನೀನು ಸಹಿ ಹಾಕುವ ಬಾಡಿಗೆ ಕರಾರಿನ ಮೇಲೆ ನಿಂತಿದೆ. ಊಟ, ಬಸ್ಸು, ಕರೆಂಟು ಎಲ್ಲ ಸೇರಿದರೂ ಬಾಡಿಗೆಯ ಮುಂದೆ ಸಣ್ಣ ಮೊತ್ತ. ಅದಕ್ಕೇ ಈ ಪತ್ರದ ಬಹುಪಾಲು ಮನೆಯದ್ದೇ ಮಾತು.

ಇಲ್ಲಿನ ಹೆಚ್ಚಿನ ಜನ ಇರುವುದು ಎಚ್‌ಡಿಬಿ ಫ್ಲ್ಯಾಟುಗಳಲ್ಲಿ. 1960ರಲ್ಲಿ ಶುರುವಾದ ಎಚ್‌ಡಿಬಿ ಎಂಬ ಸರ್ಕಾರಿ ವಸತಿ ಮಂಡಳಿ ಕಟ್ಟಿದ ಮನೆಗಳು ಅವು. ಕಾಂಡೊ ಅಂದರೆ ಖಾಸಗಿ ಅಪಾರ್ಟ್‌ಮೆಂಟು, ಈಜುಕೊಳ, ಜಿಮ್ ಎಲ್ಲ ಇರುತ್ತದೆ, ಬಾಡಿಗೆಯೂ ಅದಕ್ಕೆ ತಕ್ಕಂತೆ. ನಿನಗೆ ಎಚ್‌ಡಿಬಿ ಸಾಕು ಅಂತ ನನ್ನ ಅಭಿಪ್ರಾಯ. ಕೆಳಗಡೆಯೇ ಅಂಗಡಿ, ಆಟದ ಬಯಲು, ಕಾಫಿ ಶಾಪು, ಹೆಚ್ಚಿನ ಕಡೆ ನಡೆಯುವ ದೂರದಲ್ಲೇ ಎಂಆರ್‌ಟಿ ರೈಲು.

ಜಾಹೀರಾತು ನೋಡುವಾಗ ಒಂದು ವಿಷಯ ನೆನಪಿಟ್ಟುಕೋ. ಇಲ್ಲಿ 'ತ್ರೀ ರೂಮ್' ಅಂದರೆ ಮೂರು ಬೆಡ್‌ರೂಮ್ ಅಲ್ಲ. ಹಾಲನ್ನೂ ಒಂದು ರೂಮ್ ಅಂತ ಎಣಿಸುತ್ತಾರೆ. ತ್ರೀ ರೂಮ್ ಅಂದರೆ ಎರಡು ಬೆಡ್‌ರೂಮ್, ಸುಮಾರು 60ರಿಂದ 65 ಚದರ ಮೀಟರ್. ಫೋರ್ ರೂಮ್ ಅಂದರೆ ಮೂರು ಬೆಡ್‌ರೂಮ್, ಸುಮಾರು 90 ಚದರ ಮೀಟರ್. ಫೋರ್ ರೂಮಿಗೆ ಜಾಗ, ಮಹಡಿ, ರೈಲಿನ ದೂರ ನೋಡಿಕೊಂಡು 3,200ರಿಂದ 3,800ರ ಆಸುಪಾಸು ಕೇಳುತ್ತಾರೆ. ನಗರದ ನಡುವೆ ಇನ್ನೂ ಜಾಸ್ತಿ. ಪುಂಗೋಲ್, ಸೆಂಗ್‌ಕಾಂಗ್, ವುಡ್‌ಲ್ಯಾಂಡ್ಸ್ ಕಡೆ ಹೋದಷ್ಟೂ ಇಳಿಯುತ್ತದೆ. ರೈಲು ಸರಿಯಾಗಿ ಓಡುವ ಊರಿದು, ದೂರಕ್ಕೆ ಹೆದರಬೇಡ.

ಬಾಡಿಗೆ 3,400 ಅಂತಿಟ್ಟುಕೊಂಡು ಮೊದಲ ದಿನದ ಲೆಕ್ಕ ಹಾಕೋಣ. ಎರಡು ವರ್ಷದ ಕರಾರಿಗೆ ಎರಡು ತಿಂಗಳ ಠೇವಣಿ ವಾಡಿಕೆ, ಅದು 6,800. ಮೊದಲ ತಿಂಗಳ ಬಾಡಿಗೆ ಮುಂಗಡ, 3,400. ಮುದ್ರಾಂಕ ಶುಲ್ಕ ಬಾಡಿಗೆದಾರನದು. ನಾಲ್ಕು ವರ್ಷದೊಳಗಿನ ಕರಾರಿಗೆ ಒಟ್ಟು ಬಾಡಿಗೆಯ ಶೇ. 0.4. ಎರಡು ವರ್ಷಕ್ಕೆ ಒಟ್ಟು ಬಾಡಿಗೆ 81,600, ಶುಲ್ಕ 326 ಡಾಲರ್. ಅಂದರೆ ಬೀಗದ ಕೈ ಸಿಗುವ ಮೊದಲೇ ಹತ್ತೂವರೆ ಸಾವಿರ ಡಾಲರ್ ಬೇಕು, ಏಜೆಂಟ್ ಕಮಿಷನ್ ಇದ್ದರೆ ಅದು ಬೇರೆ. ಮೊದಲ ಸಂಬಳಕ್ಕೂ ಮುಂಚಿನ ಖರ್ಚಿದು, ಆದ್ದರಿಂದ ಊರಿನಿಂದಲೇ ಹೊಂದಿಸಿಕೊಂಡು ಬಾ. ಶುಲ್ಕವನ್ನು ಸಹಿಯಾದ 14 ದಿನದೊಳಗೆ ಆನ್‌ಲೈನಿನಲ್ಲೇ ಕಟ್ಟಬಹುದು. ಯಾರಾದರೂ 'ಬಿಡಿ, ಯಾರು ಕೇಳುತ್ತಾರೆ' ಅಂದರೆ ಒಪ್ಪಬೇಡ. ಮುದ್ರಾಂಕವಿಲ್ಲದ ಕರಾರನ್ನು ನ್ಯಾಯಾಲಯ ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ನಾಳೆ ಠೇವಣಿಗೆ ಜಗಳ ಬಂದರೆ ನಿನ್ನ ಕೈಯಲ್ಲಿ ಕಾಗದವೇ ಇಲ್ಲದಂತಾಗುತ್ತದೆ.

ಏಜೆಂಟನ ಹೆಸರು ಮತ್ತು ಫೋನ್ ನಂಬರನ್ನು ಸಿಇಎ ಎಂಬ ಸರ್ಕಾರಿ ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿ ಹಾಕಿ ನೋಡು. ಎರಡೂ ಹೊಂದಬೇಕು. ಅಸಲಿ ಏಜೆಂಟನ ಹೆಸರು ಬಳಸಿಕೊಂಡು ಬೇರೆ ನಂಬರಿನಿಂದ ಮೋಸ ಮಾಡುವವರಿದ್ದಾರೆ. ಎಚ್‌ಡಿಬಿ ಬಾಡಿಗೆಯಲ್ಲಿ ಏಜೆಂಟ್ ನಿನ್ನ ಠೇವಣಿಯನ್ನೋ ಬಾಡಿಗೆಯನ್ನೋ ಕೈಯಲ್ಲಿ ಮುಟ್ಟುವಂತೆಯೇ ಇಲ್ಲ, ದುಡ್ಡು ನೇರ ಮಾಲೀಕನ ಖಾತೆಗೇ ಹೋಗಬೇಕು. ಮನೆ ತೋರಿಸುವ ಮೊದಲೇ 'ಬುಕಿಂಗಿಗೆ ಸ್ವಲ್ಪ ಕಳಿಸಿ' ಅಂದರೆ ಅಲ್ಲಿಗೇ ಮಾತು ನಿಲ್ಲಿಸು. ಮಾಲೀಕನಿಗೆ ಬಾಡಿಗೆಗೆ ಕೊಡಲು ಎಚ್‌ಡಿಬಿ ಅನುಮತಿ ಬೇಕು. ಆ ಪತ್ರ ಕೇಳಿ ನೋಡು, ಬಾಡಿಗೆದಾರರ ಪಟ್ಟಿಯಲ್ಲಿ ನಿನ್ನ ಮನೆಯವರ ಹೆಸರೆಲ್ಲ ಬಂದಿದೆಯೇ ಅಂತ ಖಚಿತ ಮಾಡಿಕೋ. ಎಚ್‌ಡಿಬಿಯಲ್ಲಿ ಕನಿಷ್ಠ 6 ತಿಂಗಳು, ಕಾಂಡೊದಲ್ಲಿ 3 ತಿಂಗಳು. ಅದಕ್ಕಿಂತ ಕಡಿಮೆ ಅವಧಿಗೆ ಕೊಡುವುದು ಕಾನೂನುಬಾಹಿರ. ಹಾಗಾಗಿ ಮನೆ ಸಿಗುವವರೆಗಿನ ಎರಡು ಮೂರು ವಾರ ಹೋಟೆಲಿನಲ್ಲಿರಬೇಕು, ಕಂಪನಿಯೇ ಆ ಖರ್ಚು ಕೊಡುತ್ತದೆಯಾ ಅಂತ ಈಗಲೇ ಕೇಳು.

ಇನ್ನು ಕರಾರು. ಇದರಲ್ಲಿ 'ಡಿಪ್ಲೊಮ್ಯಾಟಿಕ್ ಕ್ಲಾಜ್' ಅನ್ನೋ ಕಲಂ ಒಂದು ಬರುತ್ತದೆ. ಹೆಸರು ದೊಡ್ಡದು, ವಿಷಯ ಇಷ್ಟೇ: ಕೆಲಸ ಹೋದರೆ ಅಥವಾ ಕಂಪನಿ ಬೇರೆ ದೇಶಕ್ಕೆ ವರ್ಗ ಮಾಡಿದರೆ ಅವಧಿಗೆ ಮೊದಲೇ ಮನೆ ಬಿಡುವ ಹಕ್ಕು. ಎರಡು ವರ್ಷದ ಕರಾರಿನಲ್ಲಿ ಸಾಮಾನ್ಯವಾಗಿ 12 ತಿಂಗಳು ಕಳೆದ ಮೇಲೆ, 2 ತಿಂಗಳ ನೋಟಿಸ್ ಕೊಟ್ಟು. ಇದು ಬೇಕೇ ಬೇಕು ಮಾರಾಯ. ಯಾಕೆಂದರೆ ಕೆಲಸ ಹೋಗಿ ವರ್ಕ್ ಪಾಸ್ ಅಂದರೆ ಇಲ್ಲಿ ದುಡಿಯುವ ಪರವಾನಗಿ ರದ್ದಾದರೆ ದೇಶದಲ್ಲಿ ಉಳಿಯಲು ಸಾಮಾನ್ಯವಾಗಿ 30 ದಿನ ಮಾತ್ರ ಸಿಗುತ್ತದೆ. ಈ ಕಲಂ ಇಲ್ಲದಿದ್ದರೆ ನೀನು ಬೆಂಗಳೂರಿನಲ್ಲಿ ಕೂತಿದ್ದರೂ ಇಲ್ಲಿನ ಬಾಡಿಗೆ ನಿನ್ನ ತಲೆ ಮೇಲೇ ಇರುತ್ತದೆ, ಠೇವಣಿಯೂ ಹೋಗುತ್ತದೆ. ಇದ್ದರೂ ಮೊದಲ ವರ್ಷದಲ್ಲಿ ರಕ್ಷಣೆ ಇಲ್ಲ. ಕೆಲಸದ ಬಗ್ಗೆ ಅನುಮಾನವಿದ್ದರೆ ಒಂದೇ ವರ್ಷದ ಕರಾರಿಗೆ ಚೌಕಾಸಿ ಮಾಡು. ಆ ಕಲಂ ಬಳಸಿ ಹೊರಟರೆ ಮಾಲೀಕ ಏಜೆಂಟಿಗೆ ಕೊಟ್ಟ ಕಮಿಷನ್ನಿನಲ್ಲಿ ಉಳಿದ ತಿಂಗಳುಗಳ ಪಾಲನ್ನು ನಿನ್ನಿಂದ ಹಿಡಿದುಕೊಳ್ಳಬಹುದು, ಅದೂ ಕರಾರಿನಲ್ಲೇ ಬರೆದಿರುತ್ತದೆ.

ಠೇವಣಿ ಕಡಿತವಾಗುವುದು ಹೆಚ್ಚಾಗಿ ಎಸಿಯ ಕಾರಣಕ್ಕೆ. ಮೂರು ತಿಂಗಳಿಗೊಮ್ಮೆ ಸರ್ವಿಸ್ ಮಾಡಿಸಬೇಕು, ಅದು ಬಾಡಿಗೆದಾರನ ಖರ್ಚು ಅಂತ ಬರೆದಿರುತ್ತದೆ. ಅದಕ್ಕೆ ಕಾರಣವೂ ಇದೆ. ವರ್ಷವಿಡೀ ತೇವದ ಹವೆ, ಎಸಿಯ ಒಳಗೆ ಸದಾ ನೀರು ಇಳಿಯುತ್ತಿರುತ್ತದೆ. ಆ ನೀರು ಹೊರಗೆ ಹೋಗುವ ಸಣ್ಣ ಪೈಪಿನೊಳಗೆ ದೂಳು ಸೇರಿ ಲೋಳೆ ಕಟ್ಟುತ್ತದೆ. ಪೈಪು ಕಟ್ಟಿಕೊಂಡರೆ ನೀರು ಹಿಂದಕ್ಕೆ ಬಂದು ಗೋಡೆಯ ಮೇಲೆ ಹಳದಿ ಗೆರೆಯಾಗಿ ಇಳಿಯುತ್ತದೆ, ಕೆಳಗೆ ಮರದ ನೆಲವಿದ್ದರೆ ಉಬ್ಬಿ ಏಳುತ್ತದೆ. ಸರ್ವಿಸ್ ರಸೀದಿ ಇಲ್ಲದಿದ್ದರೆ ಆ ರಿಪೇರಿಯೆಲ್ಲ ನಿನ್ನ ಲೆಕ್ಕಕ್ಕೆ. ಎಂಟು ರಸೀದಿಗಳನ್ನೂ ಒಂದು ಕಡೆ ಜೋಡಿಸಿಡು. ಮನೆಗೆ ಹೋದ ದಿನವೇ ಪ್ರತಿ ಗೋಡೆ, ನಲ್ಲಿ, ಬಾಗಿಲ ಸಂದಿ, ಹಾಸಿಗೆಯ ಕಲೆ ಎಲ್ಲದರ ಫೋಟೊ ತೆಗೆದು ಮಾಲೀಕನಿಗೆ ಇಮೇಲ್ ಮಾಡು. ಅಡುಗೆಕಟ್ಟೆ ಅಮೃತಶಿಲೆಯದ್ದಾದರೆ ಅರಿಶಿನ, ಹುಣಸೆಹಣ್ಣು ಬಿದ್ದ ತಕ್ಷಣ ಒರೆಸಬೇಕು. ಅರಿಶಿನ ಕಲ್ಲಿನೊಳಕ್ಕೆ ಇಳಿದು ಕಲೆಯಾಗುತ್ತದೆ, ಹುಳಿ ಕಲ್ಲಿನ ಹೊಳಪು ತಿನ್ನುತ್ತದೆ. ಎಷ್ಟು ಮಾಡಿದರೂ ಮಾಲೀಕ ಠೇವಣಿ ಕೊಡದಿದ್ದರೆ, ಎರಡು ವರ್ಷ ಮೀರದ ವಾಸದ ಕರಾರಿಗೆ ಸ್ಮಾಲ್ ಕ್ಲೇಮ್ಸ್ ಟ್ರಿಬ್ಯೂನಲ್ ಇದೆ. 20,000 ಡಾಲರಿನವರೆಗೆ ದೂರು ಕೊಡಬಹುದು, ವಕೀಲರ ಅಗತ್ಯವಿಲ್ಲ.

'ಲೈಟ್ ಕುಕಿಂಗ್ ಓನ್ಲಿ' ಅಂತ ಜಾಹೀರಾತಿನಲ್ಲಿ ಇದ್ದರೆ ಆ ಮನೆಗೆ ಹೋಗಬೇಡ. ಒಗ್ಗರಣೆಯ ಹೊಗೆಗೆ ತಕರಾರು ಮಾಡುವ ಮಾಲೀಕರು ಅವರು, ನಿತ್ಯ ಸಾರು ಪಲ್ಯ ಮಾಡುವ ಮನೆಗೆ ಆಗಿಬರುವುದಿಲ್ಲ.

ಕೆಲವು ಎಚ್‌ಡಿಬಿ ಮನೆಗಳಲ್ಲಿ ಉಕ್ಕಿನ ದಪ್ಪ ಬಾಗಿಲಿನ ಪುಟ್ಟ ಕೋಣೆಯೊಂದಿರುತ್ತದೆ. ಅದು ಯುದ್ಧಕಾಲದ ಆಶ್ರಯಕ್ಕೆ ಕಟ್ಟಿದ ಬಾಂಬ್ ಶೆಲ್ಟರ್. ಸಾಮಾನು ಇಡಬಹುದು, ಗೋಡೆಗೆ ಮಾತ್ರ ಮೊಳೆ ಹೊಡೆಯುವಂತಿಲ್ಲ. ಹೊರಗಿನ ಕಾರಿಡಾರಿನಲ್ಲಿ 1.2 ಮೀಟರ್ ಓಡಾಡುವ ಜಾಗ ಖಾಲಿ ಬಿಡಬೇಕು, ಬೆಂಕಿ ಬಿದ್ದಾಗ ಜನ ಓಡುವ ದಾರಿ ಅದು. ಅಲ್ಲಿ ತುಳಸಿ ಕುಂಡ ಇಟ್ಟರೆ ಕೆಳಗಿನ ತಟ್ಟೆಯ ನೀರನ್ನು ಚೆಲ್ಲುತ್ತಿರು. ಡೆಂಗಿ ಇಲ್ಲಿ ದೊಡ್ಡ ಪೀಡೆ. ಪರಿಸರ ಇಲಾಖೆಯವರು ಮನೆಯೊಳಗೇ ಬಂದು ನೋಡುತ್ತಾರೆ, ಸೊಳ್ಳೆ ಮರಿ ಸಿಕ್ಕರೆ 200 ಡಾಲರ್ ದಂಡ.

ಕರೆಂಟು ಯೂನಿಟ್ಟಿಗೆ ಸುಮಾರು 30 ಸೆಂಟು, ಮೂರು ತಿಂಗಳಿಗೊಮ್ಮೆ ದರ ಬದಲಾಗುತ್ತದೆ. ಒಂದು ಕೋಣೆಯ ಎಸಿ ರಾತ್ರಿ ಎಂಟು ಗಂಟೆ ಓಡಿ ಗಂಟೆಗೆ ಅರ್ಧ ಯೂನಿಟ್ ಎಳೆದರೂ ತಿಂಗಳಿಗೆ 120 ಯೂನಿಟ್, 36 ಡಾಲರ್. ಎರಡು ಕೋಣೆಗೆ ಅದರ ಎರಡರಷ್ಟು.

ತೆರಿಗೆಯ ವಿಷಯದಲ್ಲಿ ಹೊಸಬರು ಎಡವುವುದು ಜಾಸ್ತಿ. ಇಲ್ಲಿ ತಿಂಗಳ ಸಂಬಳದಿಂದ ಟಿಡಿಎಸ್ ಹಿಡಿಯುವುದಿಲ್ಲ. ಪಿಎಫ್‌ನಂಥ ಸಿಪಿಎಫ್ ಕೂಡ ಪ್ರಜೆಗಳಿಗೆ, ಪಿಆರ್ ಅಂದರೆ ಕಾಯಂ ವಾಸದ ಅನುಮತಿ ಇರುವವರಿಗೆ ಮಾತ್ರ. 9,000 ಅಂದರೆ 9,000 ಖಾತೆಗೆ ಬೀಳುತ್ತದೆ, ಮುಂದಿನ ವರ್ಷ ಒಟ್ಟಿಗೆ ತೆರಿಗೆಯ ಬಿಲ್ಲು ಬರುತ್ತದೆ. ವರ್ಷದ ಗಳಿಕೆ 1,08,000. ದುಡಿಯುವವರಿಗೆ ಸಿಗುವ 1,000ದ ವಿನಾಯಿತಿ ಕಳೆದರೆ 1,07,000. ಮೊದಲ 80,000ಕ್ಕೆ ತೆರಿಗೆ 3,350, ಉಳಿದ 27,000ಕ್ಕೆ ಶೇ. 11.5ರಂತೆ 3,105. ಒಟ್ಟು 6,455. ಹೆಂಡತಿ, ಮಗುವಿನ ವಿನಾಯಿತಿ ಸಿಕ್ಕರೆ ಸ್ವಲ್ಪ ಇಳಿಯುತ್ತದೆ. ತಿಂಗಳಿಗೆ 550 ಡಾಲರ್ ಬೇರೆ ಖಾತೆಗೆ ಹಾಕಿಬಿಡು, ಅದು ನಿನ್ನದಲ್ಲ ಅಂತಲೇ ತಿಳಿ. ಬಿಲ್ಲನ್ನು ಬಡ್ಡಿಯಿಲ್ಲದೆ 12 ಕಂತಿನಲ್ಲಿ ಕಟ್ಟುವ ಸೌಲಭ್ಯವೂ ಇದೆ. ಕೆಲಸ ಬಿಟ್ಟು ದೇಶ ಬಿಡುವಾಗ ಮಾತ್ರ ತೆರಿಗೆ ತೀರುವವರೆಗೆ ಕಂಪನಿ ನಿನ್ನ ಕೊನೆಯ ಸಂಬಳವನ್ನು ತಡೆಹಿಡಿಯಲೇಬೇಕು, ಅದು ಕಾನೂನು. ಕೊನೆಯ ಸಂಬಳದಲ್ಲಿ ವಿಮಾನದ ಟಿಕೆಟ್ ತೆಗೆಯುವ ಯೋಚನೆ ಬೇಡ.

ನಿನ್ನ ಹೆಂಡತಿಗೆ ಡಿಪೆಂಡೆಂಟ್ ಪಾಸ್ ಅಂದರೆ ನಿನ್ನ ಅವಲಂಬಿತಳಾಗಿ ಇಲ್ಲಿರುವ ಅನುಮತಿ ಸಿಗುತ್ತದೆ, ನಿನ್ನ ಸ್ಥಿರ ಸಂಬಳ 6,000 ದಾಟಿರುವುದರಿಂದ. ಆದರೆ 2021ರ ಮೇ ತಿಂಗಳಿಂದ ಆ ಪಾಸಿನ ಮೇಲೆ ನೌಕರಿ ಹಿಡಿಯುವಂತಿಲ್ಲ, ಅವಳಿಗೇ ಬೇರೆ ವರ್ಕ್ ಪಾಸ್ ಆಗಬೇಕು. ಇಬ್ಬರ ಸಂಬಳ ನಂಬಿಕೊಂಡು ದೊಡ್ಡ ಮನೆ ಹಿಡಿಯಬೇಡ. ಅಪ್ಪ ಅಮ್ಮನನ್ನು ದೀರ್ಘಾವಧಿಗೆ ಇರಿಸಿಕೊಳ್ಳಲು 12,000 ಸಂಬಳ ಬೇಕು. ಸದ್ಯಕ್ಕೆ ಅವರು ಪ್ರವಾಸಿ ವೀಸಾದಲ್ಲಿ ಬಂದುಹೋಗಬೇಕಷ್ಟೆ. ಮಗಳನ್ನು ಸರ್ಕಾರಿ ಶಾಲೆಗೆ ಹಾಕುವುದಾದರೆ ಮಾತೃಭಾಷೆಯ ಪಟ್ಟಿಯಲ್ಲಿ ತಮಿಳು, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ, ಕನ್ನಡ ಇಲ್ಲ. ಅವಳ ಕನ್ನಡ ಓದುಬರಹ ಮನೆಯಲ್ಲೇ ಆಗಬೇಕು. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡ.

ಊಟಕ್ಕೆ ಹಾಕರ್ ಸೆಂಟರ್ ಅಂದರೆ ಸಾಲು ತಿಂಡಿ ಅಂಗಡಿಗಳ ಜಾಗ ಅಗ್ಗ, ನಾಲ್ಕರಿಂದ ಆರು ಡಾಲರಿಗೆ ಹೊಟ್ಟೆ ತುಂಬುತ್ತದೆ. ಸಸ್ಯಾಹಾರಿ ನೀನು, ರೋಟಿ ಪ್ರಾಟಾ ಜೊತೆಗೆ ಹೇಳದೆಯೇ ಮೀನಿನದ್ದೋ ಕೋಳಿಯದ್ದೋ ಸಾರು ಹಾಕಿಬಿಡುತ್ತಾರೆ, ಮೊದಲೇ 'ದಾಲ್ ಓನ್ಲಿ' ಅಂತ ಹೇಳು. ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇದ್ದರೆ ಯಾರೋ ಸೀಟು ಹಿಡಿದಿದ್ದಾರೆ ಅಂತ ಅರ್ಥ, ಅಲ್ಲಿ ಕೂರಬೇಡ. ಉಂಡ ಮೇಲೆ ತಟ್ಟೆಯನ್ನು ನೀನೇ ಒಯ್ದು ಇಡಬೇಕು. 2021ರ ಸೆಪ್ಟೆಂಬರಿನಿಂದ ಇದನ್ನು ಬಿಗಿಯಾಗಿ ಜಾರಿಗೆ ತಂದಿದ್ದಾರೆ, ಮೊದಲ ಸಲ ಎಚ್ಚರಿಕೆ, ಎರಡನೇ ಸಲ 300 ಡಾಲರ್ ದಂಡ. ರೆಸ್ಟೊರೆಂಟಿನ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಕೂಡುಗುರುತು ಕಂಡರೆ ಶೇ. 10 ಸರ್ವಿಸ್ ಚಾರ್ಜು, ಅದರ ಮೇಲೆ ಶೇ. 9 ಜಿಎಸ್‌ಟಿ. 100ರ ಊಟ 119 ಡಾಲರ್ 90 ಸೆಂಟಾಗುತ್ತದೆ. ನಾಲಿಗೆ ಊರನ್ನು ಬಯಸಿದ ದಿನ ಸೆರಂಗೂನ್ ರಸ್ತೆಗೆ ಹೋಗು. ನಮ್ಮ ಎಂಟಿಆರ್ ಅಲ್ಲಿದೆ.

ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ಮುಟ್ಟಿಸು, ಮರೆತರೆ ಆ ಮಾರ್ಗದ ಪೂರ್ತಿ ದರ ಹಿಡಿಯುತ್ತಾರೆ. ರೈಲು ಮತ್ತು ನಿಲ್ದಾಣದೊಳಗೆ ತಿನ್ನುವಂತಿಲ್ಲ, ನೀರನ್ನೂ ಕುಡಿಯುವಂತಿಲ್ಲ, ದಂಡ 500 ಡಾಲರಿನವರೆಗೆ. ಮಗುವಿನ ಕೈಗೆ ಬಿಸ್ಕತ್ತು ಕೊಡುವ ಮುಂಚೆ ಹೊರಗೆ ಬಂದಿದ್ದೀರಾ ಅಂತ ನೋಡಿಕೋ. ಕಾರಿನ ಆಸೆ ಬಿಡು. ಹತ್ತು ವರ್ಷ ಕಾರಿಟ್ಟುಕೊಳ್ಳುವ ಪರವಾನಗಿಯೊಂದಕ್ಕೇ ಹರಾಜಿನಲ್ಲಿ ಲಕ್ಷ ಡಾಲರ್ ದಾಟಿದ ಉದಾಹರಣೆಗಳಿವೆ.

ಕೊನೆಗೆ ಪೆಟ್ಟಿಗೆ ಕಟ್ಟುವ ವಿಷಯ, ಇದನ್ನು ಅಮ್ಮನಿಗೂ ಓದಿ ಹೇಳು. ಗಸಗಸೆ ಹಾಕಬೇಡಿ, ಒಂದು ಚಮಚವೂ ಬೇಡ. ಅದು ಅಫೀಮಿನ ಗಿಡದ ಬೀಜ, ಮಾರ್ಫಿನ್ ಅಂಶ ಇರಬಹುದು ಅಂತ ಇಲ್ಲಿನ ಮಾದಕವಸ್ತು ನಿಗ್ರಹ ಇಲಾಖೆ ನಿಷೇಧಿಸಿದೆ. ಪಾಯಸದ ಪುಡಿ, ಸಾಗುವಿನ ಮಸಾಲೆ, ಮನೆಯಲ್ಲೇ ಅರೆದು ಒಣಗಿಸಿದ ಪುಡಿ, ಯಾವುದರಲ್ಲಿ ಗಸಗಸೆ ಬಿದ್ದಿದ್ದರೂ ತೆಗೆದಿಡಿ. ತಂಬಾಕು ಬೆರೆತ ಗುಟ್ಕಾ, ಖೈನಿ, ಜರ್ದಾ ನಿಷೇಧ. ಇ-ಸಿಗರೇಟು ಜೇಬಿನಲ್ಲಿದ್ದರೂ ಅಪರಾಧ. ಔಷಧಿ ಮೂರು ತಿಂಗಳಿಗಾಗುವಷ್ಟು ಮಾತ್ರ, ಡಾಕ್ಟರ ಚೀಟಿಯ ಜೊತೆ. ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ನಿದ್ದೆ ಮಾತ್ರೆ ಇದ್ದರೆ ಇಲ್ಲಿನ ಆರೋಗ್ಯ ಪ್ರಾಧಿಕಾರದ ಅನುಮತಿ ಮುಂಚೆಯೇ ತೆಗೆದುಕೊಳ್ಳಬೇಕು. ವಿಮಾನ ಇಳಿಯುವ ಮುಂಚಿನ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಆನ್‌ಲೈನಿನಲ್ಲಿ ತುಂಬು. ಅದು ಉಚಿತ. ದುಡ್ಡು ಕೇಳುವ ಜಾಲತಾಣ ಸಿಕ್ಕರೆ ಅದು ಸರ್ಕಾರದ್ದಲ್ಲ.

ಕರಾರಿನ ಕರಡು ಕೈಗೆ ಬಂದ ಕೂಡಲೇ ನನಗೆ ಕಳಿಸು, ಸಹಿ ಹಾಕುವ ಮೊದಲು ಇಬ್ಬರೂ ಕೂತು ಒಂದೊಂದೇ ಸಾಲು ಓದೋಣ.

ನಿನ್ನ ಗೆಳೆಯ