ರೆಕಾರ್ಡ್ ಕೊಠಡಿಯ ತಾರಸಿ ದುರಸ್ತಿ: ಸಂಗೀತಾಭಿಮಾನಿಗಳಲ್ಲಿ ದೇಣಿಗೆ ಮನವಿ

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನಮ್ಮ ರೆಕಾರ್ಡ್ ಕೊಠಡಿ ಸೋರಿದ್ದು ತಮಗೆಲ್ಲ ಗೊತ್ತೇ ಇದೆ. ಜೂನ್‌ಗೆ ಮುಂಚೆ ತಾರಸಿ ಸರಿಯಾಗದಿದ್ದರೆ ಫಿಲ್ಹಾರ್ಮೋನಿಯಾ ವಾದ್ಯವೃಂದದ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಗಳು ಇನ್ನೊಂದು ಮಳೆ ತಡೆಯುವುದಿಲ್ಲ.

ಲಂಡನ್ನಿನ ಈ ವಾದ್ಯವೃಂದ ಮೈಸೂರಿಗೆ ಹೊರಗಿನದಲ್ಲ. 1945ರಲ್ಲಿ ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ ಕಟ್ಟಿದ ಫಿಲ್ಹಾರ್ಮೋನಿಯಾದ ಕೈಹಿಡಿದವರು ನಮ್ಮ ಜಯಚಾಮರಾಜ ಒಡೆಯರ್. ಅದರ ಕಛೇರಿಗಳನ್ನು ನಡೆಸುವ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ತಾವೇ ಪಿಯಾನೊಗೆ ಕುಳಿತು, ಇದೇ ವಾದ್ಯವೃಂದದೊಡನೆ ತಮ್ಮ ಕನ್ಚೆರ್ಟೊಗಳನ್ನು (ಒಂದು ವಾದ್ಯವನ್ನು ಮುಂದಿಟ್ಟು ವಾದ್ಯವೃಂದಕ್ಕೆ ಬರೆದ ಕೃತಿಗಳನ್ನು) ಎಚ್‌ಎಂವಿ ರೆಕಾರ್ಡ್ ಕಂಪನಿಗೆ ನುಡಿಸಿದ್ದು ಮಹಾರಾಜರ ಹಣದಿಂದ. ಮೂರನೆಯ ಕನ್ಚೆರ್ಟೊವನ್ನು ಅವರಿಗೇ ಅರ್ಪಿಸಿದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್ ಅವರ ‘ಕೊನೆಯ ನಾಲ್ಕು ಹಾಡುಗಳು’ ಇದೇ ವಾದ್ಯವೃಂದದಿಂದ ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್, 4,800 ಡಾಲರ್ ಖಾತರಿ ನಿಂತವರು ಮೈಸೂರು ಮಹಾರಾಜರು! 1964ರಲ್ಲಿ ಲೆಗ್ ಕೈಬಿಟ್ಟಾಗ ವಾದಕರೇ ಆಡಳಿತ ವಹಿಸಿಕೊಂಡು ಸಂಸ್ಥೆಯನ್ನು ಉಳಿಸಿಕೊಂಡರು.

ನಮ್ಮಲ್ಲಿ ಪಿಟೀಲು, ಚೆಲ್ಲೊ ಕಲಿಯುವ ಬಹುಪಾಲು ಮಕ್ಕಳು ಪೂರ್ಣ ವಾದ್ಯವೃಂದವನ್ನು ಎದುರು ಕೂತು ಕೇಳಿದವರಲ್ಲ. ಈ ತಟ್ಟೆಗಳೇ ಅವರ ಪಾಠ. ಸೋರಿಕೆಯಿಂದ ಆ ಪಾಠವೂ ನಿಂತಿದೆ.

ಹನ್ನೆರಡು ಇಂಚಿನ ತಟ್ಟೆಯ ಒಂದು ಬದಿಯಲ್ಲಿ ನಾಲ್ಕರಿಂದ ನಾಲ್ಕೂವರೆ ನಿಮಿಷ ಮಾತ್ರ ಹಿಡಿಸುತ್ತದೆ. ಒಂದು ತಟ್ಟೆ ಕೆಟ್ಟರೆ ಕನ್ಚೆರ್ಟೊದ ಎಂಟೊಂಬತ್ತು ನಿಮಿಷ ಹೋಯಿತೆಂದೇ ಲೆಕ್ಕ. ತೇವಕ್ಕೆ ಕಾಗದದ ಲಕೋಟೆ ಅಂಟಿಕೊಂಡು, ಮುಳ್ಳು ಓಡುವ ಗೀರುಗಳೊಳಗೆ ಬೂಷ್ಟು ಬೆಳೆಯುತ್ತದೆ. ಅದನ್ನು ಬಟ್ಟಿ ಇಳಿಸಿದ ನೀರು, ಮೆದು ಬ್ರಷ್‌ನಿಂದ, ಲೇಬಲ್ ನೆನೆಯದಂತೆ ತೆಗೆಯಬೇಕು. ಸ್ಪಿರಿಟ್ ಸೋಕಿಸಲೇಬಾರದು, ತಟ್ಟೆಯ ಅರಗು ಕರಗುತ್ತದೆ. ಡಿಜಿಟಲ್ ಪ್ರತಿ ಮಾಡಲು 78ರ ಅಗಲ ಗೀರಿಗೆ ಹೊಂದುವ ದಪ್ಪ ಮುಳ್ಳೇ ಬೇಕು. ನಂತರ ಬಂದ ಎಲ್‌ಪಿ ತಟ್ಟೆಯ ಸಣ್ಣ ಮುಳ್ಳು ಗೀರಿನ ತಳಕ್ಕಿಳಿದು ಬರೀ ಸದ್ದು ಕೊಡುತ್ತದೆ.

ಕೊಠಡಿಯದು ಹಳೆಯ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ್ದು. ಹಿಂದೆ ಗಾರೆಯ ಮೇಲೆ ಸಿಮೆಂಟ್ ಬಳಿದದ್ದೇ ತೊಂದರೆಯಾಯಿತು. ಬಿಸಿಲಿಗೆ ಸಿಮೆಂಟ್ ಬಿರಿದು, ಒಳಹೊಕ್ಕ ನೀರು ಹೊರಬರಲಾಗದೆ ತೊಲೆಯ ತುದಿಗಳನ್ನು ಕೊಳೆಸಿದೆ. ಸಿಮೆಂಟ್ ಕಿತ್ತು, ಎರಡು ತೊಲೆ ಬದಲಿಸಿ, ಸುರ್ಕಿ (ಇಟ್ಟಿಗೆ ಪುಡಿ ಬೆರೆತ ಸುಣ್ಣದ) ಗಾರೆ ಹಾಕಿ, ಕೈಪಿಡಿ ಗೋಡೆಯ ಸಂದು ಮುಚ್ಚಬೇಕು. ಸುಮಾರು ಆರೇಳು ಲಕ್ಷ ಆಗಬಹುದು. ಕಬ್ಬಿಣದ ಕಪಾಟು, ಹೊಸ ಲಕೋಟೆಗಳಿಗೆ ಮತ್ತೆ ಒಂದೂವರೆ ಲಕ್ಷದಷ್ಟು ಬೇಕು.

ಕೈಲಾದಷ್ಟು ಕೊಡಿ, ಎಷ್ಟೇ ಚಿಕ್ಕ ಮೊತ್ತಕ್ಕೂ ಕಚೇರಿಯಲ್ಲಿ ರಸೀದಿ ಸಿಗುತ್ತದೆ. ಮನೆಯಲ್ಲಿರುವ ಹಳೆಯ ತಟ್ಟೆಗಳನ್ನು ಕೊಡುವವರು ಮಲಗಿಸಿ ಪೇರಿಸದೆ, ಅಂಚಿನ ಮೇಲೆ ನೇರ ನಿಲ್ಲಿಸಿ ತನ್ನಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಬಾಗುತ್ತವೆ.

ಇಂತಿ,
ಧರ್ಮದರ್ಶಿಗಳು